ಪ್ರತಿ ‘ಉತ್ತಿದ್ದೇನೆ’ಗೂ ‘ಇಂಗ್’ ಹಾಕಬೇಕಾ?

ಪ್ರಶ್ನೆ: ಕಂಟಿನ್ಯುಯಸ್ ಟೆನ್ಸ್ ಅಂದರೆ ಕ್ರಿಯಾಪದಕ್ಕೆ ‘ಇಂಗ್’ ಸೇರಿಸುವುದು ಅಂತ ಶಾಲೆಯಲ್ಲಿ ಕಲಿತಿದ್ದೆ. ಈಗ ಕೆಲಸದ ಜಾಗದಲ್ಲಿ ದಿನವೂ ಇಂಗ್ಲಿಷ್ ಮಾತಾಡಬೇಕು. ಫೋನಿನಲ್ಲಿ ‘ಐ ಆ್ಯಮ್ ನಾಟ್ ಹಿಯರಿಂಗ್ ಯು’ ಅಂದರೆ ತಪ್ಪು ಅನ್ನುತ್ತಾರೆ. ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ತ್ರೀ ಇಯರ್ಸ್’ ಕೂಡ ತಪ್ಪಂತೆ. ‘ಇನ್ ಮೈ ಚೈಲ್ಡ್‌ಹುಡ್ ಐ ವಾಸ್ ರೀಡಿಂಗ್ ಎ ಲಾಟ್’ ಅಂತ ಬರೆದದ್ದನ್ನೂ ತಿದ್ದಿದರು. ಪ್ರೆಸೆಂಟ್ ಮತ್ತು ಪಾಸ್ಟ್ ಕಂಟಿನ್ಯುಯಸ್ ಎಲ್ಲಿ ಬಳಸಬೇಕು, ಎಲ್ಲಿ ಬಿಡಬೇಕು ಅಂತ ಬಿಡಿಸಿ ಹೇಳುತ್ತೀರಾ?

ಉತ್ತರ: ನಿಮ್ಮ ಮೂರೂ ವಾಕ್ಯಗಳನ್ನು ಮೊದಲು ಕನ್ನಡದಲ್ಲಿ ಹೇಳಿ ನೋಡಿ. ‘ನನಗೆ ಕೇಳಿಸುತ್ತಿಲ್ಲ’, ‘ಮೂರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ’, ‘ಚಿಕ್ಕಂದಿನಲ್ಲಿ ತುಂಬಾ ಓದುತ್ತಿದ್ದೆ’. ಮೂರರಲ್ಲೂ ‘ಉತ್ತಿ’ ಇದೆ. ನೀವು ಮೂರು ಕಡೆಯೂ ಅದನ್ನು ನಂಬಿಕೆಯಿಂದ ‘ಇಂಗ್’ ಮಾಡಿದ್ದೀರಿ. ಶಾಲೆಯಲ್ಲಿ ಹೇಳಿಕೊಟ್ಟದ್ದೂ ಹಾಗೇ ಅಲ್ವಾ? ‘ಉತ್ತಿದ್ದೇನೆ’ ಅಂದರೆ ‘ಆ್ಯಮ್’ ಜೊತೆ ‘ಇಂಗ್’, ‘ಉತ್ತಿದ್ದೆ’ ಅಂದರೆ ‘ವಾಸ್’ ಜೊತೆ ‘ಇಂಗ್’. ಈ ಲೆಕ್ಕ ಅರ್ಧ ಮಾತ್ರ ಸರಿ. ಕನ್ನಡದ ‘ಉತ್ತಿ’ ತುಂಬಾ ಕೆಲಸ ಹೊರುತ್ತದೆ. ಇಂಗ್ಲಿಷ್ ಅದೇ ಕೆಲಸವನ್ನು ನಾಲ್ಕೈದು ಬೇರೆ ಬೇರೆ ರೂಪಗಳಿಗೆ ಹಂಚಿದೆ, ಅದರಲ್ಲಿ ‘ಇಂಗ್’ ಪಾಲಿಗೆ ಬಂದದ್ದು ಒಂದು ಭಾಗ ಅಷ್ಟೇ. ಆ ಭಾಗ ಯಾವುದು ಅಂತ ಗೊತ್ತಾದರೆ ಉಳಿದದ್ದು ಕಷ್ಟವಿಲ್ಲ.

ಆ ಭಾಗ ಇದು: ಒಂದು ಕೆಲಸ ಶುರುವಾಗಿದೆ, ಇನ್ನೂ ಮುಗಿದಿಲ್ಲ, ನಾವು ಅದರ ನಡುವೆ ಇದ್ದೇವೆ. ನಡುವೆ ಇರುವುದು ಈಗಲಾದರೆ ‘ಆ್ಯಮ್, ಈಸ್, ಆರ್’. ಹಿಂದೆ ಯಾವುದೋ ಒಂದು ಹೊತ್ತಿನಲ್ಲಾದರೆ ‘ವಾಸ್, ವರ್’. ‘ಹಿ ವಾಸ್ ಡ್ರೌನಿಂಗ್’ ಮತ್ತು ‘ಹಿ ಡ್ರೌನ್ಡ್’ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಮೊದಲನೆಯದು ಮುಳುಗುತ್ತಿದ್ದ. ಆಮೇಲೆ ಯಾರಾದರೂ ಬಂದು ಎಳೆದು ಉಳಿಸಿರಬಹುದು. ಎರಡನೆಯದರಲ್ಲಿ ಕಥೆ ಮುಗಿದಿದೆ, ಅವನು ಸತ್ತ. ಒಬ್ಬ ಮನುಷ್ಯ ಬದುಕಿದನೋ ಇಲ್ಲವೋ ಅನ್ನುವುದು ಈ ಒಂದು ರೂಪದ ಮೇಲೆ ನಿಂತಿದೆ. ಹಾಗೇ ‘ಐ ವಾಸ್ ರೀಡಿಂಗ್ ಎ ಬುಕ್ ಲಾಸ್ಟ್ ನೈಟ್’ ಅಂದರೆ ಪುಸ್ತಕ ಮುಗಿಯಿತು ಅಂತ ಅರ್ಥವಿಲ್ಲ. ‘ಐ ರೆಡ್ ಎ ಬುಕ್ ಲಾಸ್ಟ್ ನೈಟ್’ ಅಂದರೆ ಸಾಮಾನ್ಯವಾಗಿ ಓದಿ ಮುಗಿಸಿದ್ದೀರಿ.

ಈಗ ಪ್ರೆಸೆಂಟ್ ಕಂಟಿನ್ಯುಯಸ್. ‘ಶಿ ಈಸ್ ಟಾಕಿಂಗ್ ಆನ್ ದ ಫೋನ್’ ಅನ್ನುವಂಥ ಕಣ್ಣೆದುರಿನ ಕೆಲಸದಲ್ಲಿ ಯಾರೂ ಎಡವುವುದಿಲ್ಲ. ಎಡವುವುದು ಕೆಲಸ ದಿನಗಟ್ಟಲೆ, ತಿಂಗಳುಗಟ್ಟಲೆ ಹರಡಿಕೊಂಡಾಗ. ‘ನಿಮ್ಮ ತಂದೆ ಏನು ಮಾಡುತ್ತಿದ್ದಾರೆ?’ ಅಂತ ಕನ್ನಡದಲ್ಲಿ ಕೇಳಿದರೆ ಎರಡು ಅರ್ಥ ಬರುತ್ತದೆ. ಈ ಕ್ಷಣ ಏನು ಮಾಡುತ್ತಿದ್ದಾರೆ ಅನ್ನಬಹುದು, ಅವರ ಉದ್ಯೋಗ ಏನು ಅಂತಲೂ ಆಗಬಹುದು. ಇಂಗ್ಲಿಷ್‌ನಲ್ಲಿ ಇವೆರಡೂ ಬೇರೆ. ‘ವಾಟ್ ಈಸ್ ಯುವರ್ ಫಾದರ್ ಡೂಯಿಂಗ್?’ ಅಂದರೆ ‘ಟಿವಿ ನೋಡ್ತಿದ್ದಾರೆ’ ಅನ್ನುವ ಉತ್ತರ ಬಂದೀತು. ಉದ್ಯೋಗ ಕೇಳಬೇಕಾದರೆ ‘ವಾಟ್ ಡಸ್ ಯುವರ್ ಫಾದರ್ ಡೂ?’. ‘ಎಲ್ಲಿ ಕೆಲಸ ಮಾಡುತ್ತಿದ್ದೀರಿ?’ ಅನ್ನುವುದಕ್ಕೂ ಮಾಮೂಲು ರೂಪ ‘ವೇರ್ ಡೂ ಯು ವರ್ಕ್?’. ‘ವೇರ್ ಆರ್ ಯು ವರ್ಕಿಂಗ್?’ ತಪ್ಪಲ್ಲ. ಆದರೆ ಅದರಲ್ಲಿ ‘ಸದ್ಯಕ್ಕೆ’ ಅನ್ನುವ ನೆರಳು ಇರುತ್ತದೆ. ‘ಐ ಲಿವ್ ವಿತ್ ಮೈ ಪೇರೆಂಟ್ಸ್’ ಅನ್ನುವವರು ಅಲ್ಲೇ ನೆಲೆಸಿದವರು. ‘ಐ ಆ್ಯಮ್ ಲಿವಿಂಗ್ ವಿತ್ ಮೈ ಪೇರೆಂಟ್ಸ್’ ಅನ್ನುವವರು ಬೇರೆ ಮನೆ ಸಿಗುವವರೆಗೆ ಇರುವವರು. ಆದ್ದರಿಂದ ಪ್ರತಿ ಸಲ ಕನ್ನಡ ವಾಕ್ಯದ ಮುಂದೆ ‘ಸದ್ಯಕ್ಕೆ’ ಸೇರಿಸಿ ನೋಡಿ. ಅರ್ಥ ಕೆಡದಿದ್ದರೆ ‘ಇಂಗ್’ ಹಾಕಿ. ‘ಸದ್ಯಕ್ಕೆ ನೀರು ನೂರು ಡಿಗ್ರಿಯಲ್ಲಿ ಕುದಿಯುತ್ತದೆ’ ಅನ್ನುವುದು ಅಸಂಬದ್ಧ, ಹಾಗಾಗಿ ‘ವಾಟರ್ ಬಾಯ್ಲ್ಸ್’. ಒಲೆಯ ಮೇಲಿನ ನೀರಾದರೆ ‘ದ ವಾಟರ್ ಈಸ್ ಬಾಯ್ಲಿಂಗ್’.

ಮೆಲ್ಲಗೆ ಬದಲಾಗುತ್ತಿರುವ ಸಂಗತಿಗೂ ಈ ರೂಪವೇ ಬೇಕು: ‘ಇಟ್ ಈಸ್ ಗೆಟಿಂಗ್ ಡಾರ್ಕ್’, ‘ಪ್ರೈಸಸ್ ಆರ್ ರೈಸಿಂಗ್’. ಇನ್ನೊಂದು ಬಳಕೆ ನಾಳೆಯದು. ಯಾರ ಜೊತೆಗಾದರೂ ಮಾತಾಗಿ, ಸಮಯ ಗೊತ್ತಾಗಿ, ಏರ್ಪಾಟು ಆಗಿರುವ ಕೆಲಸಕ್ಕೆ ಪ್ರೆಸೆಂಟ್ ಕಂಟಿನ್ಯುಯಸ್ ಚೆನ್ನಾಗಿ ಹೊಂದುತ್ತದೆ. ‘ಐ ಆ್ಯಮ್ ಮೀಟಿಂಗ್ ದ ಡಾಕ್ಟರ್ ಟುಮಾರೊ’ ಅಂದರೆ ಅಪಾಯಿಂಟ್‌ಮೆಂಟ್ ಆಗಿದೆ. ಆದರೆ ‘ಇಟ್ ಈಸ್ ರೇನಿಂಗ್ ಟುಮಾರೊ’ ಅನ್ನಲಾಗದು. ಮಳೆಯ ಜೊತೆ ಯಾರೂ ಏರ್ಪಾಟು ಮಾಡಿಕೊಂಡಿರುವುದಿಲ್ಲ. ಅಲ್ಲಿ ‘ವಿಲ್’ ಅಥವಾ ‘ಗೋಯಿಂಗ್ ಟು’ ಬೇಕು.

ನಿಮ್ಮ ‘ಮೂರು ವರ್ಷದಿಂದ’ ವಾಕ್ಯ ಎಡವಿದ್ದು ಬೇರೆ ಕಾರಣಕ್ಕೆ. ‘ಆ್ಯಮ್ ವರ್ಕಿಂಗ್’ ಈಗಿನ ಹೊತ್ತನ್ನು ಮಾತ್ರ ಹೇಳುತ್ತದೆ, ಎಷ್ಟು ಕಾಲದಿಂದ ಅನ್ನುವುದನ್ನು ಹೊರುವ ಶಕ್ತಿ ಅದಕ್ಕಿಲ್ಲ. ಕನ್ನಡದಲ್ಲಿ ‘ಇಂದ’ ಬಂತು ಅಂದರೆ ಇಂಗ್ಲಿಷ್ ‘ಹ್ಯಾವ್ ಬೀನ್’ ಕೇಳುತ್ತದೆ: ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ತ್ರೀ ಇಯರ್ಸ್’. ‘ಸಿನ್ಸ್’ ಬೇಕೆಂದರೆ ಶುರುವಾದ ಹೊತ್ತು ಹೇಳಬೇಕು, ‘ಸಿನ್ಸ್ 2022’ ಅಂತ. ಅವಧಿಗೆ ‘ಫಾರ್’, ಆರಂಭಕ್ಕೆ ‘ಸಿನ್ಸ್’. ಕನ್ನಡದಲ್ಲಿ ಎರಡಕ್ಕೂ ‘ಇಂದ’ ಸಾಕು, ಅದಕ್ಕೇ ಈ ತಪ್ಪು ಅಷ್ಟು ಸುಲಭವಾಗಿ ಬಾಯಿಗೆ ಬರುತ್ತದೆ.

ಈಗ ‘ಹಿಯರಿಂಗ್’. ‘ನೋ, ವಾಂಟ್, ಲೈಕ್, ನೀಡ್, ಹಿಯರ್, ಸೀ, ಅಂಡರ್‌ಸ್ಟ್ಯಾಂಡ್, ರಿಮೆಂಬರ್’ ಹೀಗೆ ಕೆಲವು ಕ್ರಿಯಾಪದಗಳು ಸಾಮಾನ್ಯವಾಗಿ ‘ಇಂಗ್’ ತಗೊಳ್ಳುವುದಿಲ್ಲ. ಇವಕ್ಕೆ ಸ್ಟೇಟಿವ್ ವರ್ಬ್ ಅನ್ನುತ್ತಾರೆ. ಇವು ಮಾಡುವ ಕೆಲಸಗಳಲ್ಲ, ಇರುವ ಸ್ಥಿತಿಗಳು. ಸ್ಥಿತಿಗೆ ಶುರು, ನಡು, ಕೊನೆ ಅಂತ ಇರುವುದಿಲ್ಲ. ವ್ಯಾಕರಣದ ಪುಸ್ತಕಗಳು ಇವುಗಳ ಉದ್ದ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿ ಅನ್ನುತ್ತವೆ. ಕನ್ನಡ ಬಲ್ಲವರಿಗೆ ಅಷ್ಟು ದೊಡ್ಡ ಬಾಯಿಪಾಠ ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ನಮ್ಮ ಭಾಷೆಯೇ ಇದನ್ನು ತೋರಿಸಿಕೊಡುತ್ತದೆ.

ನೋಡಿ: ನನಗೆ ಗೊತ್ತು. ನನಗೆ ಬೇಕು. ನನಗೆ ಇಷ್ಟ. ನನಗೆ ನೆನಪಿದೆ. ನನಗೆ ಅರ್ಥವಾಗುತ್ತಿದೆ. ನನಗೆ ಕಾಣಿಸುತ್ತಿದೆ. ನನಗೆ ಕೇಳಿಸುತ್ತಿದೆ. ಒಂದರಲ್ಲೂ ‘ನಾನು’ ಇಲ್ಲ. ನೀವು ಮಾಡುವ ಕೆಲಸಕ್ಕೆ ಕನ್ನಡ ‘ನಾನು’ ಅನ್ನುತ್ತದೆ, ನಿಮಗೆ ಆಗುವ ಅಥವಾ ನಿಮ್ಮಲ್ಲಿ ಇರುವ ಸಂಗತಿಗೆ ‘ನನಗೆ’ ಅನ್ನುತ್ತದೆ. ‘ನನಗೆ’ಯಿಂದ ಶುರುವಾಗುವ ವಾಕ್ಯಕ್ಕೆ ಇಂಗ್ಲಿಷ್‌ನಲ್ಲಿ ಬಹುಪಾಲು ‘ಇಂಗ್’ ಬೇಡ. ‘ನನಗೆ ಕೇಳಿಸುತ್ತಿಲ್ಲ’ ಅನ್ನುವುದು ‘ಐ ಕಾಂಟ್ ಹಿಯರ್ ಯು’. ‘ನನಗೆ ಅರ್ಥವಾಗುತ್ತಿಲ್ಲ’ ಅನ್ನುವುದು ‘ಐ ಡೋಂಟ್ ಅಂಡರ್‌ಸ್ಟ್ಯಾಂಡ್’. ಅದೇ ‘ನಾನು ಕೇಳುತ್ತಿದ್ದೇನೆ’ ಅಂದರೆ ‘ಐ ಆ್ಯಮ್ ಲಿಸನಿಂಗ್’. ಕಿವಿಗೆ ಬೀಳುವುದು ಒಂದು, ಕಿವಿಗೊಡುವುದು ಇನ್ನೊಂದು. ‘ಕಾಣಿಸು’ ಮತ್ತು ‘ನೋಡು’ ಕೂಡ ಹಾಗೇ, ‘ಸೀ’ ಮತ್ತು ‘ಲುಕ್’.

ಒಂದೇ ಇಂಗ್ಲಿಷ್ ಪದ ಒಮ್ಮೆ ‘ಇಂಗ್’ ತಗೊಂಡು ಒಮ್ಮೆ ಬಿಡುವ ಕಡೆಯಲ್ಲೂ ಈ ಗುರುತು ಕೈಹಿಡಿಯುತ್ತದೆ. ‘ನನಗೆ ಇಬ್ಬರು ಅಣ್ಣಂದಿರಿದ್ದಾರೆ’ ಅನ್ನುವುದು ‘ಐ ಹ್ಯಾವ್ ಟೂ ಬ್ರದರ್ಸ್’. ‘ನಾನು ಊಟ ಮಾಡುತ್ತಿದ್ದೇನೆ’ ಅನ್ನುವುದು ‘ಐ ಆ್ಯಮ್ ಹ್ಯಾವಿಂಗ್ ಲಂಚ್’. ‘ಅದು ಸರಿ ಅಂತ ನನಗೆ ಅನಿಸುತ್ತದೆ’ ಅನ್ನುವಲ್ಲಿ ‘ಐ ಥಿಂಕ್’. ‘ನಾನು ಅದರ ಬಗ್ಗೆ ಯೋಚಿಸುತ್ತಿದ್ದೇನೆ’ ಅನ್ನುವಲ್ಲಿ ‘ಐ ಆ್ಯಮ್ ಥಿಂಕಿಂಗ್’. ಸುಮ್ನೆ ಪಟ್ಟಿ ಓದಿದವರಿಗೆ ಈ ‘ಹ್ಯಾವ್’, ‘ಥಿಂಕ್’ ಎರಡೂ ತಲೆನೋವು. ‘ನಾನು’ ಮತ್ತು ‘ನನಗೆ’ ನೋಡಿಕೊಂಡವರಿಗೆ ಗೊಂದಲವೇ ಆಗುವುದಿಲ್ಲ.

ಈ ಗುರುತು ಕೈಕೊಡುವ ಜಾಗಗಳೂ ಇವೆ, ಅವನ್ನೂ ಹೇಳಿಬಿಡುತ್ತೇನೆ. ಕನ್ನಡದಲ್ಲಿ ‘ನಾನು’ ಇದ್ದರೂ ಇಂಗ್ಲಿಷ್ ‘ಇಂಗ್’ ಒಪ್ಪದ ಕೆಲವು ಪದಗಳಿವೆ: ನಂಬು, ಒಪ್ಪು, ಪ್ರೀತಿಸು. ‘ಐ ಬಿಲೀವ್’, ‘ಐ ಅಗ್ರೀ’, ‘ಐ ಲವ್ ಹರ್’. ವಸ್ತುಗಳ ವಿಷಯದಲ್ಲಿ ‘ಬಿಲಾಂಗ್, ಕಂಟೇನ್, ಕಾಸ್ಟ್, ಡಿಪೆಂಡ್’. ಇವಿಷ್ಟನ್ನು ನೆನಪಿಟ್ಟುಕೊಳ್ಳಲೇಬೇಕು. ಇನ್ನೊಂದು ಕಡೆ, ‘ನನಗೆ’ ಇದ್ದರೂ ನಿಜವಾದ ಬದಲಾವಣೆ ನಡೆಯುತ್ತಿದ್ದರೆ ‘ಇಂಗ್’ ಬರುತ್ತದೆ. ‘ನನಗೆ ವಯಸ್ಸಾಗುತ್ತಿದೆ’ ಅಂದರೆ ‘ಐ ಆ್ಯಮ್ ಗೆಟಿಂಗ್ ಓಲ್ಡ್’. ಹಸಿವು, ಚಳಿಗೆ ಮಾತ್ರ ಸುಮ್ಮನೆ ‘ಐ ಆ್ಯಮ್ ಹಂಗ್ರಿ’, ‘ಐ ಆ್ಯಮ್ ಕೋಲ್ಡ್’ ಸಾಕು. ‘ಬೋರ್ ಆಗುತ್ತಿದೆ’ ಅನ್ನುವಲ್ಲಿ ಸ್ವಲ್ಪ ಜಾಸ್ತಿ ಎಚ್ಚರ ಬೇಕು. ‘ಐ ಆ್ಯಮ್ ಬೋರಿಂಗ್’ ಅಂದರೆ ನಿಮ್ಮಿಂದ ಬೇರೆಯವರಿಗೆ ಬೇಜಾರು ಅಂತ ಅರ್ಥ. ಅಲ್ಲಿ ‘ಐ ಆ್ಯಮ್ ಬೋರ್ಡ್’.

ಇದಕ್ಕೆ ಪೂರ್ತಿ ಉಲ್ಟಾ ಇರುವ ತಪ್ಪೂ ಒಂದಿದೆ. ಅದರ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ ಅನ್ನುವುದೇ ನನ್ನ ಬೇಸರ. ಕನ್ನಡದಲ್ಲಿ ‘ಉತ್ತಿ’ ಇಲ್ಲದಿದ್ದರೂ ಇಂಗ್ಲಿಷ್‌ನಲ್ಲಿ ‘ಇಂಗ್’ ಬೇಕಾಗುವ ಕ್ರಿಯಾಪದಗಳಿವೆ. ‘ಅವನು ಬಾಗಿಲ ಹತ್ತಿರ ನಿಂತಿದ್ದಾನೆ’ ಅನ್ನುತ್ತೇವೆ. ‘ನಿಲ್ಲುತ್ತಿದ್ದಾನೆ’ ಅನ್ನುವುದಿಲ್ಲ. ಕೂರುವುದು, ನಿಲ್ಲುವುದು ಒಂದು ಕ್ಷಣದಲ್ಲಿ ಮುಗಿಯುವ ಕೆಲಸ ಅಂತ ಕನ್ನಡ ನೋಡುತ್ತದೆ. ಮುಗಿದ ಮೇಲೆ ಉಳಿದ ಭಂಗಿಯನ್ನು ‘ಇದ್ದಾನೆ’ ಹೇಳುತ್ತದೆ. ಇಂಗ್ಲಿಷ್ ಆ ಭಂಗಿಯಲ್ಲಿ ಇರುವುದನ್ನೇ ನಡೆಯುತ್ತಿರುವ ಕೆಲಸ ಅಂತ ನೋಡುತ್ತದೆ. ಹಾಗಾಗಿ ‘ಹಿ ಈಸ್ ಸ್ಟ್ಯಾಂಡಿಂಗ್ ನಿಯರ್ ದ ಡೋರ್’. ಕುಳಿತಿದ್ದಾಳೆ ಅಂದರೆ ‘ಈಸ್ ಸಿಟಿಂಗ್’, ಮಲಗಿದ್ದಾರೆ ಅಂದರೆ ‘ಈಸ್ ಸ್ಲೀಪಿಂಗ್’, ಕೈಯಲ್ಲಿ ಹಿಡಿದುಕೊಂಡಿದ್ದಾನೆ ಅಂದರೆ ‘ಈಸ್ ಹೋಲ್ಡಿಂಗ್’, ಗೋಡೆಗೆ ನೇತುಹಾಕಿದೆ ಅಂದರೆ ‘ಈಸ್ ಹ್ಯಾಂಗಿಂಗ್’. ಬಟ್ಟೆಯ ವಿಷಯ ಬಂದರೆ ‘ಕೆಂಪು ಅಂಗಿ ಹಾಕಿಕೊಂಡಿದ್ದಾನೆ’ ಅನ್ನುವುದು ‘ಹಿ ಈಸ್ ವೇರಿಂಗ್ ಎ ರೆಡ್ ಶರ್ಟ್’. ಇದನ್ನು ‘ಹಿ ಹ್ಯಾಸ್ ವೋರ್ನ್’ ಅಂತ ಬರೆದದ್ದನ್ನು ಒಳ್ಳೆಯ ಇಂಗ್ಲಿಷ್ ಬಲ್ಲವರ ಬರಹದಲ್ಲೂ ಕಂಡಿದ್ದೇನೆ. ಫೋಟೋ ವಿವರಿಸಿ ಅನ್ನುವ ಪ್ರಶ್ನೆ ಪರೀಕ್ಷೆಯಲ್ಲಿ ಬಂದರೆ ಈ ಐದಾರು ಪದಗಳೇ ಮತ್ತೆ ಮತ್ತೆ ಬೇಕಾಗುತ್ತವೆ.

ಪಾಸ್ಟ್ ಕಂಟಿನ್ಯುಯಸ್‌ಗೆ ಬರೋಣ. ಇದು ಒಂಟಿಯಾಗಿ ಬರುವುದು ಕಡಿಮೆ. ಸಾಮಾನ್ಯವಾಗಿ ಅದರ ಜೊತೆ ಒಂದು ಹೊತ್ತು ಇರುತ್ತದೆ, ಇಲ್ಲವೇ ನಡುವೆ ನುಗ್ಗುವ ಇನ್ನೊಂದು ಘಟನೆ ಇರುತ್ತದೆ. ‘ಅಟ್ ಏಯ್ಟ್ ಓ ಕ್ಲಾಕ್ ಐ ವಾಸ್ ಡ್ರೈವಿಂಗ್’. ಎಂಟಕ್ಕೆ ಮುಂಚೆಯೇ ಗಾಡಿ ಹೊರಟಿತ್ತು, ಎಂಟಾದ ಮೇಲೂ ಓಡುತ್ತಿತ್ತು. ‘ವೆನ್ ಹಿ ಕಾಲ್ಡ್, ಐ ವಾಸ್ ಕುಕಿಂಗ್’ ಅಂದರೆ ಫೋನ್ ಬಂದಾಗ ಅಡುಗೆ ಆಗಲೇ ನಡೆದಿತ್ತು. ‘ವೆನ್ ಹಿ ಕಾಲ್ಡ್, ಐ ಲೆಫ್ಟ್’ ಅಂದರೆ ಫೋನ್ ಬಂದ ಮೇಲೆ ಹೊರಟೆ. ಸಿಂಪಲ್ ಪಾಸ್ಟ್, ಅಂದರೆ ‘ಕಾಲ್ಡ್’, ‘ಲೆಫ್ಟ್’ ಥರದ ‘ಇಂಗ್’ ಇಲ್ಲದ ರೂಪ, ಎರಡು ಸಾಲಾಗಿ ಬಂದರೆ ಒಂದಾದ ಮೇಲೆ ಒಂದು. ಒಂದು ಕಂಟಿನ್ಯುಯಸ್, ಒಂದು ಸಿಂಪಲ್ ಬಂದರೆ ಒಂದರ ನಡುವೆ ಒಂದು. ಕಥೆ ಹೇಳುವಾಗ ಇದು ದೊಡ್ಡ ಬಲ. ಹಿನ್ನೆಲೆ ಎಲ್ಲಾ ಕಂಟಿನ್ಯುಯಸ್‌ನಲ್ಲಿ ಇಡಿ. ಮಳೆ, ಗಾಳಿ, ಓಡಾಡುವ ಜನ ಎಲ್ಲಾ ಅಲ್ಲಿರಲಿ. ಕಥೆಯನ್ನು ಮುಂದಕ್ಕೆ ತಳ್ಳುವ ಘಟನೆಗಳನ್ನು ಮಾತ್ರ ಸಿಂಪಲ್ ಪಾಸ್ಟ್‌ನಲ್ಲಿ ಇಡಿ. ಇಲ್ಲಿ ಕನ್ನಡವೂ ಇದನ್ನೇ ಮಾಡುವುದರಿಂದ ಕಿವಿಯನ್ನು ನಂಬಬಹುದು.

ನಂಬಬಾರದ ಜಾಗ ನಿಮ್ಮ ಮೂರನೆಯ ವಾಕ್ಯ. ‘ಓದುತ್ತಿದ್ದೆ’ ಅನ್ನುವುದು ಕನ್ನಡದಲ್ಲಿ ಎರಡು ಕೆಲಸ ಮಾಡುತ್ತದೆ. ‘ನೀನು ಬಂದಾಗ ಓದುತ್ತಿದ್ದೆ’ ಅಂದರೆ ಆ ಹೊತ್ತಿನ ಕೆಲಸ. ‘ಚಿಕ್ಕಂದಿನಲ್ಲಿ ತುಂಬಾ ಓದುತ್ತಿದ್ದೆ’ ಅಂದರೆ ಆಗಿನ ರೂಢಿ. ಇಂಗ್ಲಿಷ್ ಮೊದಲನೆಯದಕ್ಕೆ ಮಾತ್ರ ‘ಐ ವಾಸ್ ರೀಡಿಂಗ್’ ಕೊಡುತ್ತದೆ. ರೂಢಿಗೆ ‘ಐ ಯೂಸ್ಡ್ ಟು ರೀಡ್ ಎ ಲಾಟ್’ ಅನ್ನಬೇಕು, ಅಥವಾ ಸರಳವಾಗಿ ‘ಐ ರೆಡ್ ಎ ಲಾಟ್ ಆ್ಯಸ್ ಎ ಚೈಲ್ಡ್’. ಕನ್ನಡದವರ ಇಂಗ್ಲಿಷ್‌ನಲ್ಲಿ ನಾನು ಅತಿ ಹೆಚ್ಚು ಕಾಣುವ ತಪ್ಪು ಇದೇ. ಅದರಲ್ಲೂ ಹಳೆಯ ನೆನಪು ಬರೆಯುವಾಗ ಪುಟದ ತುಂಬಾ ‘ವಾಸ್ ಗೋಯಿಂಗ್, ವಾಸ್ ಈಟಿಂಗ್, ವಾಸ್ ಪ್ಲೇಯಿಂಗ್’ ಬಂದುಬಿಡುತ್ತದೆ. ಪರೀಕ್ಷೆ ಸುಲಭ: ‘ಆಗೆಲ್ಲಾ’ ಅಂತ ಸೇರಿಸಿದರೆ ಹೊಂದುತ್ತದಾ, ‘ಆ ಹೊತ್ತಿಗೆ’ ಅಂತ ಸೇರಿಸಿದರೆ ಹೊಂದುತ್ತದಾ ನೋಡಿ. ‘ಆಗೆಲ್ಲಾ’ ಹೊಂದಿದರೆ ‘ಯೂಸ್ಡ್ ಟು’. ‘ಆ ಹೊತ್ತಿಗೆ’ ಹೊಂದಿದರೆ ‘ವಾಸ್’ ಜೊತೆ ‘ಇಂಗ್’. ಕೆಲವೇ ದಿನದ ತಾತ್ಕಾಲಿಕ ರೂಢಿಯಾದರೆ ಮಾತ್ರ ಕಂಟಿನ್ಯುಯಸ್ ನಡೆಯುತ್ತದೆ. ‘ದಟ್ ಮಂತ್ ಐ ವಾಸ್ ಗೆಟಿಂಗ್ ಅಪ್ ಅಟ್ ಫೈವ್’ ಅನ್ನುವುದು ಸರಿಯಾದ ಇಂಗ್ಲಿಷ್. ಇಲ್ಲೂ ಅದೇ ‘ಸದ್ಯಕ್ಕೆ’ಯ ನೆರಳು ಇದೆ, ಆದರೆ ಆ ತಿಂಗಳಿನದು.

‘ಹೋಗಬೇಕು ಅಂತಿದ್ದೆ, ಆಗಲಿಲ್ಲ’ ಅನ್ನುವುದಕ್ಕೆ ‘ಐ ವಾಸ್ ಗೋಯಿಂಗ್ ಟು ಗೋ’ ಅನ್ನಿ. ಕೆಲಸದ ಜಾಗದಲ್ಲಿ ಇನ್ನೊಂದು ಉಪಯೋಗವಿದೆ, ಅದು ನಿಮಗೆ ನಾಳೆಯಿಂದಲೇ ಬೇಕಾಗಬಹುದು. ‘ಐ ವಾಸ್ ವಂಡರಿಂಗ್ ಇಫ್ ಯು ಕುಡ್ ಹೆಲ್ಪ್ ಮೀ’. ಕೇಳುತ್ತಿರುವುದು ಈಗಲೇ, ಆದರೂ ‘ವಾಸ್’. ಹೀಗೆ ಹಿಂದಕ್ಕೆ ಸರಿಸಿ ಕೇಳಿದಾಗ ಒತ್ತಾಯ ಕಡಿಮೆಯಾಗುತ್ತದೆ, ಎದುರಿನವರಿಗೆ ಬೇಡ ಅನ್ನಲು ಜಾಗ ಸಿಗುತ್ತದೆ. ಇದು ತಪ್ಪು ಕಾಲ ಅಂತ ತಿದ್ದಬೇಡಿ, ಇದು ಮರ್ಯಾದೆಯ ರೂಪ.

ಒಂದು ಸಂಗತಿ ಹೇಳಬೇಕು ಅನಿಸುತ್ತಿದೆ. ಈ ‘ಇಂಗ್’ ರೂಪ ಇಂಗ್ಲಿಷ್‌ನಲ್ಲೂ ಇಷ್ಟು ಕಟ್ಟುನಿಟ್ಟಾಗಿ ಯಾವಾಗಲೂ ಇರಲಿಲ್ಲ. 1600ರ ಸುಮಾರಿಗೆ ಎದುರಿಗೆ ಓದುತ್ತಾ ಕುಳಿತವರನ್ನೂ ‘ವಾಟ್ ಡೂ ಯು ರೀಡ್?’ ಅಂತ ಕೇಳಬಹುದಿತ್ತು. ‘ದ ಹೌಸ್ ಈಸ್ ಬೀಯಿಂಗ್ ಬಿಲ್ಟ್’ ಅನ್ನುವ ರೂಪ ಬಂದದ್ದು 18ನೇ ಶತಮಾನದ ಕೊನೆಯ ಹೊತ್ತಿಗೆ. ಅದಕ್ಕೂ ಮುಂಚೆ ‘ದ ಹೌಸ್ ಈಸ್ ಬಿಲ್ಡಿಂಗ್’ ಅನ್ನುತ್ತಿದ್ದರು. ಬಳಸುತ್ತಾ ಬಳಸುತ್ತಾ ಜನ ಈ ರೂಪಕ್ಕೆ ಒಂದು ಗಡಿ ಹಾಕಿಕೊಂಡಿದ್ದಾರೆ. ಆ ಗಡಿ ಹುಟ್ಟಿನಿಂದ ಯಾರ ತಲೆಯಲ್ಲೂ ಇರುವುದಿಲ್ಲ. ಹಾಗಾಗಿ ನಿಮ್ಮನ್ನು ತಿದ್ದಿದಾಗ ನಾಚಿಕೆ ಪಡಬೇಡಿ.

ರೂಪದ ಬಗ್ಗೆ ಎರಡೇ ಮಾತು. ‘ಇಂಗ್’ ಸೇರಿಸುವುದರಲ್ಲಿ ಅಡ್ಡಾದಿಡ್ಡಿ ಕ್ರಿಯಾಪದಗಳಿಲ್ಲ, ಇದೊಂದು ಸಮಾಧಾನ. ಕಾಗುಣಿತ ಮಾತ್ರ ಸ್ವಲ್ಪ ಬದಲಾಗುತ್ತದೆ. ‘ಮೇಕ್’ ಕೊನೆಯ ಇ ಅಕ್ಷರ ಬಿಡುತ್ತದೆ, ‘ರನ್’ ಕೊನೆಯ ಎನ್ ಅಕ್ಷರವನ್ನು ಎರಡು ಮಾಡಿಕೊಳ್ಳುತ್ತದೆ, ‘ಲೈ’ ಮತ್ತು ‘ಡೈ’ ಪದಗಳಲ್ಲಿ ಕೊನೆಯ ಐ, ಇ ಹೋಗಿ ವೈ ಬರುತ್ತದೆ. ಇನ್ನು ಪ್ರಶ್ನೆ ಕೇಳುವಾಗ ‘ವೈ ಯು ಆರ್ ಲಾಫಿಂಗ್?’ ಅನ್ನಬೇಡಿ. ‘ಆರ್’ ಮುಂದೆ ಬರಬೇಕು: ‘ವೈ ಆರ್ ಯು ಲಾಫಿಂಗ್?’.

ಅಭ್ಯಾಸಕ್ಕೆ ನಿಯಮಗಳನ್ನು ಮತ್ತೆ ಮತ್ತೆ ಓದುವುದಕ್ಕಿಂತ ಕನ್ನಡದ ನಾಲ್ಕು ಸಾಲು ಬರೆದು ಒಂದೊಂದೇ ಕ್ರಿಯಾಪದ ಬಿಡಿಸುವುದು ಒಳ್ಳೆಯದು. ಇದನ್ನು ನೋಡಿ: ‘ನಿನ್ನೆ ಸಂಜೆ ಬಸ್ಸಿಗೆ ಕಾಯುತ್ತಿದ್ದೆ. ಮಳೆ ಬರುತ್ತಿತ್ತು. ಪಕ್ಕದಲ್ಲಿ ಒಬ್ಬ ನಿಂತಿದ್ದ. ಕನ್ನಡಕ ಹಾಕಿಕೊಂಡಿದ್ದ. ಅವನ ಪರಿಚಯ ಇದೆ ಅಂತ ನನಗೆ ಅನಿಸುತ್ತಿತ್ತು. ನಾವಿಬ್ಬರೂ ಒಂದೇ ಶಾಲೆಗೆ ಹೋಗುತ್ತಿದ್ದೆವು. ಈಗ ಅವನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದಾನೆ.’

ಕಾಯುತ್ತಿದ್ದೆ, ಬರುತ್ತಿತ್ತು ಎರಡೂ ಆ ಹೊತ್ತಿನವು, ‘ವಾಸ್ ವೇಟಿಂಗ್’, ‘ವಾಸ್ ರೇನಿಂಗ್’. ನಿಂತಿದ್ದ, ಹಾಕಿಕೊಂಡಿದ್ದ ಅನ್ನುವಲ್ಲಿ ‘ಉತ್ತಿ’ ಇಲ್ಲ, ಆದರೂ ‘ವಾಸ್ ಸ್ಟ್ಯಾಂಡಿಂಗ್’, ‘ವಾಸ್ ವೇರಿಂಗ್’. ಅನಿಸುತ್ತಿತ್ತು ಅನ್ನುವಲ್ಲಿ ‘ನನಗೆ’ ಇದೆ, ಹಾಗಾಗಿ ‘ಐ ಫೆಲ್ಟ್’. ಹೋಗುತ್ತಿದ್ದೆವು ಅನ್ನುವುದಕ್ಕೆ ‘ಆಗೆಲ್ಲಾ’ ಹೊಂದುತ್ತದೆ, ‘ವಿ ಯೂಸ್ಡ್ ಟು ಗೋ’ ಅಥವಾ ‘ವಿ ವೆಂಟ್’. ಕೊನೆಯದು ಅವನ ಕೆಲಸ ಎಂಥದ್ದು ಅನ್ನುವುದರ ಮೇಲೆ ನಿಂತಿದೆ. ಕಾಯಂ ನೌಕರಿಯಾದರೆ ‘ಹಿ ವರ್ಕ್ಸ್ ಇನ್ ಎ ಬ್ಯಾಂಕ್’. ಕೆಲವು ತಿಂಗಳಿಗೆ ಮಾತ್ರ ಸೇರಿಕೊಂಡಿದ್ದರೆ ‘ಹಿ ಈಸ್ ವರ್ಕಿಂಗ್’. ನಿಮ್ಮ ಸಾಲುಗಳನ್ನೂ ಹೀಗೇ ಬಿಡಿಸಿ ನೋಡಿ, ಸಿಕ್ಕಿಹಾಕಿಕೊಂಡದ್ದನ್ನು ಬರೆದು ಕಳಿಸಿ.